ಅರ್ಧ ಮಾತ್ರೆ

ಮಲೆನಾಡಿನ ಒಂದು ತೋಟದ ಮನೆ. ಗಂಡ ತೀರಿಕೊಂಡ ಮೇಲೆ ಅಡಿಕೆ, ಕಾಳುಮೆಣಸು, ಸಾಲ, ಆಳುಕಾಳು ಎಲ್ಲವನ್ನೂ ಒಬ್ಬರೇ ನಿಭಾಯಿಸಿಕೊಂಡು ಬಂದ ತಾಯಿ. ಶಿವಮೊಗ್ಗಕ್ಕೆ ಮದುವೆಯಾಗಿ ಹೋದ ಮಗಳು. ಬಿ.ಕಾಂ. ಮುಗಿಸಿ ಪೇಟೆಯ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದ ಇಪ್ಪತ್ತಾರರ ಮಗ. ಒಂದು ಬೇಸಿಗೆಯಲ್ಲಿ ಮಗನಿಗೆ ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸತೊಡಗಿತು. ಬಾವಿಗೆ ಯಾರೋ ಏನೋ ಹಾಕಿದ್ದಾರೆಂದು ಮನೆಯ ನೀರು ಕುಡಿಯುವುದನ್ನು ಬಿಟ್ಟ. ರಾತ್ರಿಯೆಲ್ಲ ಜಗಲಿಯಲ್ಲಿ ಎದ್ದು ಕೂತಿರುತ್ತಿದ್ದ. ಮೊದಲು ಅಂತ್ರ ಕಟ್ಟಿಸಿದರು, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಕಿಜೋಫ್ರೇನಿಯಾ ಎಂದರು. ರಾತ್ರಿಗೆ ರಿಸ್ಪೆರಿಡೋನ್ 4 ಮಿಲಿಗ್ರಾಂ, ಕೈನಡುಕ ಬಾರದಿರಲೆಂದು ಅದರ ಜೊತೆಗೆ ಟ್ರೈಹೆಕ್ಸಿಫೆನಿಡಿಲ್. ಎರಡು ತಿಂಗಳಲ್ಲಿ ಮಾತು ಕೇಳಿಸುವುದು ನಿಂತಿತು. ವರ್ಷ ತುಂಬುವ ಮೊದಲೇ ಅವನು ಸೊಸೈಟಿಯ ಕುರ್ಚಿಗೆ ಮರಳಿದ್ದ.

ಈ ಮನೆ ಯಾವುದೆಂದು ಹುಡುಕುವುದು ಬೇಡ. ಹಲವು ಮನೆಗಳಲ್ಲಿ ನಡೆಯುವುದನ್ನು ಒಂದೇ ಸೂರಿನಡಿ ತಂದಿದ್ದೇನೆ. ಯಾರೊಬ್ಬರ ಗುರುತೂ ಇದರಲ್ಲಿಲ್ಲ.

ಮಗ ಹುಷಾರಾದ, ಆದರೆ ಮೊದಲಿನಂತಿರಲಿಲ್ಲ. ಬೆಳಿಗ್ಗೆ ಎಂಟಾದರೂ ಏಳುತ್ತಿರಲಿಲ್ಲ. ಮೈ ಬಂತು, ಹೊಟ್ಟೆ ಬಂತು. ಮುಖದಲ್ಲಿ ನಗು ಮೂಡುವುದೇ ನಿಧಾನವಾಯಿತು. ತಾಯಿ ಇದನ್ನೆಲ್ಲ ನೋಡಿದರು. ತಾಯಿಗೆ ಹೇಳಲಾಗದ ಇನ್ನೊಂದು ತೊಂದರೆಯೂ ಅವನಿಗಿತ್ತು. ಈ ಔಷಧಿ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುತ್ತದೆ, ಅದರಿಂದ ಗಂಡಸರಲ್ಲಿ ಲೈಂಗಿಕ ಆಸಕ್ತಿ ಕುಗ್ಗಬಹುದು. ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ, ಅವನೂ ಯಾರನ್ನೂ ಕೇಳಿರಲಿಲ್ಲ. ಅಷ್ಟರಲ್ಲಿ ಒಂದು ಸಂಬಂಧ ಬಂತು. ಹುಡುಗಿಯ ಕಡೆಯವರು ಮನೆ ನೋಡಲು ಬರುವವರಿದ್ದರು.

ಮಾತ್ರೆ ಕೊಡುವ ಕೆಲಸ ಮೊದಲಿಂದಲೂ ತಾಯಿಯದೇ. ಆ ದೀಪಾವಳಿ ಕಳೆದ ಮೇಲೆ ಅವರು ಅಡಕತ್ತರಿಯಲ್ಲಿ ಮಾತ್ರೆಯನ್ನು ಎರಡು ತುಂಡು ಮಾಡಿ ಅರ್ಧವನ್ನಷ್ಟೇ ಕೊಡತೊಡಗಿದರು. ಮಗನಿಗೆ ಹೇಳಲಿಲ್ಲ. ಅವನು ಅಂಗೈಯಲ್ಲಿದ್ದುದನ್ನು ನೋಡದೆಯೇ ಬಾಯಿಗೆ ಹಾಕಿಕೊಂಡು ನೀರು ಕುಡಿಯುವವನು. ಡಾಕ್ಟರಿಗೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ತಿಂಗಳು ತಿಂಗಳು ಕೊಡುವ ಮಾತ್ರೆಯನ್ನು ಬೇಡವೆಂದರೆ ಏಕೆಂದು ಕೇಳುತ್ತಾರೆ. ಹಾಗಾಗಿ ಪೂರ್ತಿ ತಂದು ಮಿಕ್ಕಿದ್ದನ್ನು ಅಕ್ಕಿ ಡಬ್ಬಿಯ ಹಿಂದೆ ಇಡುತ್ತಿದ್ದರು.

ಮುಂದಿನ ಮೂರ್ನಾಲ್ಕು ತಿಂಗಳು ಆ ಮನೆಯ ಒಳ್ಳೆಯ ದಿನಗಳು. ಮಗ ಬೇಗ ಏಳತೊಡಗಿದ. ಅಡಿಕೆ ಸುಲಿಯುವವರ ಜೊತೆ ರಾತ್ರಿ ಕೂತು ಹರಟಿದ. ಹುಡುಗಿಯ ಕಡೆಯವರು ಬಂದು, ಒಪ್ಪಿ, ನಿಶ್ಚಯಕ್ಕೆ ದಿನ ನೋಡಿಸಿದರು. ತಾನು ಮಾಡಿದ್ದು ಸರಿ ಎಂಬುದಕ್ಕೆ ತಾಯಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಬೇಸಿಗೆಯಲ್ಲಿ ಅರ್ಧ ಮಾತ್ರೆಯನ್ನು ದಿನ ಬಿಟ್ಟು ದಿನ ಮಾಡಿದರು. ಆಮೇಲೆ ಅದನ್ನೂ ಇನ್ನೊಮ್ಮೆ ತುಂಡರಿಸಿದರು.

ಮಳೆಗಾಲದಲ್ಲಿ ಮಾತು ಮರಳಿ ಕೇಳಿಸಿತು. ಈ ಸಲ ಮೊದಲಿಗಿಂತ ಜೋರಾಗಿ. ಸೊಸೈಟಿಯಲ್ಲಿ ಮ್ಯಾನೇಜರ್ ಮೇಲೆ ಕೈ ಎತ್ತಿದ. ನಿಶ್ಚಯ ಮುರಿಯಿತು, ಕೆಲಸ ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: “ಮಾತ್ರೆ ಸರಿಯಾಗಿ ಕೊಡ್ತಿದೀರಾ ಅಮ್ಮ?” ತಾಯಿ, “ಕೊಡ್ತಿದೀನಿ ಡಾಕ್ಟ್ರೆ” ಎಂದರು. ಹೊರಗೆ ಕಾರಿಡಾರ್ ತುಂಬ ಜನ ಕಾಯುತ್ತಿದ್ದರು. ನಾಲ್ಕು ಮಿಲಿಗ್ರಾಂ ಕೊಟ್ಟರೂ ಹೀಗಾಗಿದೆ ಎಂದುಕೊಂಡ ಡಾಕ್ಟರು ಆರಕ್ಕೆ ಏರಿಸಿದರು, ಸಾಲದೆಂದು ಎಂಟಕ್ಕೆ ಏರಿಸಿದರು. ಹೆದರಿದ ತಾಯಿ ಈಗ ಒಂದು ಚೂರೂ ಬಿಡದೆ ಕೊಟ್ಟರು. ಮಾತು ಕೇಳಿಸುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಅದರ ಜೊತೆಗೆ ಕೈ ನಡುಗಿತು, ನಡಿಗೆ ಬಿಗಿಯಾಯಿತು, ಬಾಯಲ್ಲಿ ಜೊಲ್ಲು ಸುರಿಯಿತು. ಯಾವುದಕ್ಕೆ ಹೆದರಿ ಮಾತ್ರೆ ಕತ್ತರಿಸಿದರೋ ಅದು ನಾಲ್ಕು ಪಾಲಾಗಿ ಬಂತು. ರಜೆಗೆ ಬಂದ ಮಗಳು ಅಕ್ಕಿ ಡಬ್ಬಿ ಸರಿಸಿದಾಗ ಅಲ್ಲಿದ್ದ ಮಾತ್ರೆ ಶೀಟುಗಳ ಕಟ್ಟು ಕೈಗೆ ಸಿಕ್ಕಿತು.

ಈ ತಾಯಿಯನ್ನು ಅಜ್ಞಾನಿ ಎಂದು ಕರೆದು ಮುಂದೆ ಹೋಗುವುದು ಸುಲಭ. ನನಗದು ಅನ್ಯಾಯವೆನಿಸುತ್ತದೆ. ಅವರು ಕಂಡದ್ದು ಸುಳ್ಳಲ್ಲ. ಮೈ ಬರುವುದು, ಮಂಪರು, ನಡುಕ ಎಲ್ಲ ನಿಜ. ಕೆಲವು ಔಷಧಿಗಳಲ್ಲಿ ಸಕ್ಕರೆ ಕಾಯಿಲೆಯ ಭಯವಿದೆ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರಿಗೆ ತುಟಿ, ನಾಲಗೆ ತಾವಾಗಿ ಆಡುವ ತೊಂದರೆ ಬಂದು ಉಳಿದುಬಿಡುತ್ತದೆ. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆ್ಯನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಅನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದ ಮೇಲೆ ಈ ಬಗೆಯ ಔಷಧಿಗಳ ಕಾಲ ಶುರುವಾಯಿತು. ಆಮೇಲಿನ ಕೆಲವು ದಶಕ ಎಷ್ಟೋ ಆಸ್ಪತ್ರೆಗಳು ಬೇಕಾದದ್ದಕ್ಕಿಂತ ಬಹಳ ಹೆಚ್ಚು ಕೊಟ್ಟವು. “ಪವರ್ ಜಾಸ್ತಿ” ಎಂದು ನಮ್ಮ ಮನೆಗಳಲ್ಲಿ ಆಡುವ ಮಾತಿಗೆ ಆಧಾರವಿದೆ.

ಅಷ್ಟೇ ಅಲ್ಲ. ಲೆಕ್ಕ ಹಾಕಿ ನೋಡಿದರೆ ಮೊದಲ ತುಂಡು ಅಷ್ಟು ದೊಡ್ಡ ತಪ್ಪೂ ಆಗಿರಲಿಕ್ಕಿಲ್ಲ. ಈ ಔಷಧಿಗಳು ಮಿದುಳಿನಲ್ಲಿ ಡೋಪಮೈನ್ ಬಂದು ಕೂರುವ ಜಾಗಗಳಲ್ಲಿ ತಾವೇ ಕೂತು ಅದನ್ನು ತಡೆಯುತ್ತವೆ. ಇಂತಿಷ್ಟು ಮಾತ್ರೆಗೆ ಎಷ್ಟು ಜಾಗ ತುಂಬುತ್ತದೆ ಎಂಬುದನ್ನು 1990ರ ದಶಕದಲ್ಲಿ ಟೊರಾಂಟೊದ ಸಂಶೋಧಕರು ಪೆಟ್ ಸ್ಕ್ಯಾನ್‌ನಲ್ಲಿ ಅಳೆದರು. ರಿಸ್ಪೆರಿಡೋನ್ 2 ಮಿಲಿಗ್ರಾಂಗೆ ಶೇ. 66, 4ಕ್ಕೆ ಶೇ. 73, 6ಕ್ಕೆ ಶೇ. 79. ಶೇ. 65ರ ಆಸುಪಾಸಿನಲ್ಲಿ ಗುಣ ಕಾಣಿಸಲು ಶುರು, ಶೇ. 80ರ ಹತ್ತಿರ ಹೋದಂತೆ ಬಿಗಿತ, ನಡುಕ. ಅಂದರೆ ನಾಲ್ಕನ್ನು ಎರಡು ಮಾಡಿದಾಗ ಮಾತ್ರೆ ಅರ್ಧವಾಯಿತು, ಮಿದುಳಿನಲ್ಲಿ ಅದರ ಹಿಡಿತ ಮಾತ್ರ ಏಳು ಅಂಶವಷ್ಟೇ ಇಳಿಯಿತು. ಎರಡರಿಂದ ಕೆಳಗೆ ಹಾಗಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವಾಗ ದಾರಿ ಹೆಚ್ಚುಕಡಿಮೆ ಸಮನಾಗಿಯೇ ಸಾಗುತ್ತದೆ. ಊರು ದಾಟಿದ್ದೇ ಘಟ್ಟ ಒಮ್ಮೆಲೇ ಕೆಳಗೆ ಬೀಳುತ್ತದೆ. ಮಾತ್ರೆ ಇಳಿಸುವ ದಾರಿಯೂ ಹಾಗೆ. ಅಲ್ಲಿಯವರೆಗೆ ಏನೂ ಆಗಲಿಲ್ಲವಲ್ಲ ಎಂಬ ಧೈರ್ಯದಲ್ಲೇ ಜನ ಘಟ್ಟಕ್ಕೆ ಕಾಲಿಡುತ್ತಾರೆ.

ತಾಯಿ ಅವತ್ತು, “ಡಾಕ್ಟ್ರೆ, ಮಾಣಿಗೆ ಪವರ್ ಜಾಸ್ತಿ ಆಗಿದೆ ಅನ್ಸುತ್ತೆ, ಸ್ವಲ್ಪ ಇಳಿಸಬಹುದಾ?” ಎಂದು ಕೇಳಿದ್ದರೆ? ಮೂರಕ್ಕೋ, ನಿಧಾನವಾಗಿ ಎರಡಕ್ಕೋ ಇಳಿಸಿ ನೋಡೋಣ ಎನ್ನುವ ವೈದ್ಯರು ಇದ್ದಾರೆ. ಬೇರೆ ಔಷಧಿಗೆ ಬದಲಿಸೋಣ ಎನ್ನುವವರೂ ಇದ್ದಾರೆ. ತಾಯಿ ಬಯಸಿದ್ದರಲ್ಲಿ ಒಂದು ಪಾಲು ನ್ಯಾಯವಾಗಿಯೇ ಸಿಗಬಹುದಿತ್ತು, ಎಲ್ಲಿ ನಿಲ್ಲಬೇಕು ಎಂಬುದೂ ತಿಳಿಯುತ್ತಿತ್ತು. ಕಡಿಮೆ ಮಾಡಬೇಕೆಂಬ ಆಸೆಯನ್ನು ನಾನು ತಪ್ಪೆನ್ನಲಾರೆ. ಅದನ್ನು ಒಬ್ಬರೇ, ಯಾರಿಗೂ ಹೇಳದೆ ಮಾಡಿದ್ದು ತಪ್ಪು. ಆ ಗುಟ್ಟಿನಿಂದಾಗಿಯೇ ಸಣ್ಣ ತಪ್ಪು ದೊಡ್ಡದಾಯಿತು.

ದೊಡ್ಡದಾಯಿತು ಎನ್ನುವಾಗ ಒಂದು ಮಳೆಗಾಲದ ಕಷ್ಟವನ್ನಷ್ಟೇ ಹೇಳುತ್ತಿಲ್ಲ. ಈ ಔಷಧಿ ನಿಂತಾಗ ಕಾಯಿಲೆ ಮರುಕಳಿಸುತ್ತದೆ ಎಂಬುದರಲ್ಲಿ ಹೆಚ್ಚಿನ ಅನುಮಾನ ಉಳಿದಿಲ್ಲ. 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ, ಒಂದು ವರ್ಷದೊಳಗೆ ಮರುಕಳಿಸಿದ್ದು ಔಷಧಿ ಮುಂದುವರಿಸಿದವರಲ್ಲಿ ಶೇ. 27ರಷ್ಟು ಮಂದಿಗೆ, ನಿಲ್ಲಿಸಿದವರಲ್ಲಿ ಶೇ. 64ರಷ್ಟು ಮಂದಿಗೆ. ಮರುಕಳಿಸಿದರೆ ಮತ್ತೆ ಮಾತ್ರೆ ಶುರುಮಾಡಿದರಾಯಿತು, ಮೊದಲಿನಂತಾಗುತ್ತಾನೆ ಎಂದು ನಾವು ಅಂದುಕೊಳ್ಳುತ್ತೇವೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಹಾಂಗ್‌ಕಾಂಗ್‌ನಲ್ಲಿ ಒಂದು ಅಧ್ಯಯನ ನಡೆಯಿತು. ಮೊದಲ ಬಾರಿ ಕಾಯಿಲೆ ಬಂದು, ಔಷಧಿಯಿಂದ ಚೆನ್ನಾಗಿ ಸುಧಾರಿಸಿ, ವರ್ಷಕ್ಕೂ ಹೆಚ್ಚು ಕಾಲ ಚಿಕಿತ್ಸೆಯಲ್ಲಿದ್ದ 178 ಮಂದಿ. ಅರ್ಧದಷ್ಟು ಜನರಿಗೆ ಕ್ವಿಟಿಯಾಪಿನ್ ಎಂಬ ಔಷಧಿ ಕೊಟ್ಟು ಚಿಕಿತ್ಸೆ ಮುಂದುವರಿಸಿದರು, ಉಳಿದರ್ಧಕ್ಕೆ ಔಷಧಿಯಿಲ್ಲದ ಹುಸಿಮಾತ್ರೆ ಕೊಟ್ಟರು. ಒಂದೇ ವರ್ಷ. ಅಷ್ಟರೊಳಗೆ ಮರುಕಳಿಕೆ ಶೇ. 41 ಮತ್ತು ಶೇ. 79. ಆಮೇಲೆ ಎಲ್ಲರಿಗೂ ಎಂದಿನ ಚಿಕಿತ್ಸೆ. ಹತ್ತು ವರ್ಷದ ನಂತರ ಅವರನ್ನೆಲ್ಲ ಹುಡುಕಿ ನೋಡಿದಾಗ, ಕಾಯಿಲೆಯ ಲಕ್ಷಣ ಬಿಡದೆ ಉಳಿದದ್ದು, ಬೇರೆ ಯಾವ ಔಷಧಿಯೂ ನಾಟದೆ ಕ್ಲೋಜಪಿನ್ ಬೇಕಾದದ್ದು, ಇಲ್ಲವೇ ಆತ್ಮಹತ್ಯೆ, ಇವು ಮೂರನ್ನೂ ಸೇರಿಸಿ ಎಣಿಸಿದ ಕೆಟ್ಟ ಫಲ ಔಷಧಿ ಮುಂದುವರಿಸಿದ್ದವರಲ್ಲಿ ಶೇ. 21, ಆ ಒಂದು ವರ್ಷ ಔಷಧಿ ಇಲ್ಲದಿದ್ದವರಲ್ಲಿ ಶೇ. 39. 2018ರಲ್ಲಿ ಪ್ರಕಟವಾದ ಫಲಿತಾಂಶವಿದು. ಅವರು ನಂತರ ಔಷಧಿಗೆ ಮರಳಿದ್ದರು, ಆದರೂ ಆ ಒಂದು ವರ್ಷದ ನಷ್ಟ ತುಂಬಲಿಲ್ಲ. ಒಮ್ಮೆ ಮರುಕಳಿಸಿದ ಮೇಲೆ ಸುಮಾರು ಆರರಲ್ಲಿ ಒಬ್ಬರಿಗೆ ಮೊದಲು ನಾಟಿದ ಔಷಧಿಯೇ ನಾಟದೆ ಹೋಗುತ್ತದೆ ಎಂದು ದಕ್ಷಿಣ ಆಫ್ರಿಕಾದ ವೈದ್ಯರೂ ಬರೆದಿದ್ದಾರೆ.

ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಅವರವರ ಊರುಗಳಲ್ಲಿ ಗುರುತಿಸಿ, ಚಿಕಿತ್ಸೆ ತಲುಪಿಸಿ, ವರ್ಷಗಳ ಕಾಲ ಅವರ ಜೊತೆಗಿದ್ದು ನೋಡಿದ್ದಾರೆ. ಔಷಧಿ ತಪ್ಪದೆ ನಡೆದ ಕಡೆ ಸ್ವಂತ ಕೆಲಸ ಮಾಡಿಕೊಳ್ಳುವ, ದುಡಿಯುವ, ನಾಲ್ಕು ಜನರೊಡನೆ ಬೆರೆಯುವ ಶಕ್ತಿ ಹೆಚ್ಚು ಉಳಿಯುತ್ತದೆ ಎಂಬುದು ಅಲ್ಲಿ ಕಂಡ ಮಾತು.

ಇನ್ನೊಂದು ಪಕ್ಷವನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಆ ತಾಯಿಗೆ ಮೋಸ ಮಾಡಿದಂತೆ. ನೆದರ್ಲೆಂಡ್ಸ್‌ನ ವುಂಡರಿಂಕ್ ಮತ್ತು ಸಂಗಡಿಗರು 2013ರಲ್ಲಿ ಬೇರೆಯೇ ಕಥೆ ಹೇಳಿದರು. ಅವರ 103 ಮಂದಿಯಲ್ಲಿ, ಔಷಧಿ ಇಳಿಸುತ್ತ ಸಾಧ್ಯವಾದರೆ ನಿಲ್ಲಿಸುತ್ತ ಬಂದವರಿಗೆ ಶುರುವಿನಲ್ಲಿ ಕಾಯಿಲೆ ಹೆಚ್ಚು ಮರುಕಳಿಸಿತು. ಏಳು ವರ್ಷಕ್ಕೆ ನೋಡಿದರೆ ಪೂರ್ಣ ಚೇತರಿಕೆ ಅವರಲ್ಲೇ ಹೆಚ್ಚು, ಶೇ. 40ರಷ್ಟು, ಎಂದಿನ ಪ್ರಮಾಣ ತೆಗೆದುಕೊಂಡವರಲ್ಲಿ ಶೇ. 18ರಷ್ಟು. ಇಂಗ್ಲೆಂಡಿನಲ್ಲಿ 253 ಮಂದಿಯ ಮೇಲೆ ಇದನ್ನೇ ಹೋಲುವ ಪ್ರಯೋಗ ನಡೆದು 2023ರಲ್ಲಿ ಫಲಿತಾಂಶ ಬಂದಾಗ, ಎರಡು ವರ್ಷದ ಕೊನೆಗೆ ಬದುಕಿನ ನಿರ್ವಹಣೆಯಲ್ಲಿ ಲಾಭ ಕಾಣಲಿಲ್ಲ, ಗಂಭೀರ ಮರುಕಳಿಕೆ ಮಾತ್ರ ಶೇ. 13ರ ಬದಲು ಶೇ. 25. ಹಾಗಾಗಿ ಯಾರಿಗೆ ಎಷ್ಟು ಇಳಿಸಬಹುದು ಎಂಬುದು ಇನ್ನೂ ವಾದದಲ್ಲಿರುವ ವಿಷಯ. ಆದರೆ ಎರಡೂ ಕಡೆ ಇಳಿಸಿದ್ದು ವೈದ್ಯರ ಕಣ್ಣೆದುರು, ಇಳಿಸಿಕೊಳ್ಳುವವರು ತಿಳಿದು ಒಪ್ಪಿದ ಮೇಲೆ. ನಿದ್ದೆ ಕೆಟ್ಟರೆ, ಅನುಮಾನ ಶುರುವಾದರೆ ಮತ್ತೆ ಏರಿಸಲು ಜನ ಕಾಯುತ್ತಿದ್ದರು. ನಮ್ಮ ತೋಟದ ಮನೆಯಲ್ಲಿ ಇಳಿಕೆ ನಡೆಯುತ್ತಿದೆ ಎಂಬುದು ಒಬ್ಬರಿಗೇ ಗೊತ್ತು. ಕಾಯಬೇಕಾದವರಿಗೆ ತಾವು ಕಾಯಬೇಕೆಂಬುದೇ ಗೊತ್ತಿಲ್ಲ.

ಗುಟ್ಟಿನ ಕೇಡು ಇಷ್ಟಕ್ಕೇ ನಿಲ್ಲಲಿಲ್ಲ. ಮಾತ್ರೆ ಕಡಿಮೆಯಾದಾಗ ಸುಖ ಮೊದಲು ಬರುತ್ತದೆ, ದುಃಖ ತಿಂಗಳುಗಳ ನಂತರ. ಮಂಪರು ವಾರದಲ್ಲಿ ಹೋಗುತ್ತದೆ, ಕಾಯಿಲೆ ಮಳೆಗಾಲಕ್ಕೆ ಬರುತ್ತದೆ. ಹಾಗಾಗಿ ಕಣ್ಣಿಟ್ಟು ನೋಡುವವರೂ ತಪ್ಪು ಪಾಠವನ್ನೇ ಕಲಿಯುತ್ತಾರೆ. ಹೊರಗಿನವರೊಬ್ಬರಿಗೆ ತಿಳಿದಿದ್ದರೆ ಮಾತ್ರ ಈ ತಪ್ಪನ್ನು ತಿದ್ದಬಹುದಿತ್ತು. ಡಾಕ್ಟರೂ ಸುಳ್ಳು ಲೆಕ್ಕದ ಮೇಲೆಯೇ ಚೀಟಿ ಬರೆದರು. ತೆಗೆದುಕೊಳ್ಳದ ಮಾತ್ರೆ ಸೋತಿತೆಂದು ಬಗೆದು ಎರಡು ಪಟ್ಟು ಮಾಡಿದರು. ಇನ್ನೊಂದು ಔಷಧಿಯೂ ಹೀಗೇ ಸೋತಿದ್ದರೆ ಕ್ಲೋಜಪಿನ್ ಮಾತು ಬರುತ್ತಿತ್ತು. ಅದು ನಿಜವಾಗಿ ಬೇಕಾದವರಿಗೆ ಜೀವದಾನ. ಆದರೆ ಬಿಳಿ ರಕ್ತಕಣ ಕುಸಿಯುವ ಅಪಾಯವಿರುವುದರಿಂದ ಶುರುವಿನ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು.

ಮಗನಿಗಾದ ನಷ್ಟ ಇನ್ನೂ ಆಳದ್ದು. “ನಾನು ಒಂದು ದಿನಾನೂ ತಪ್ಪಿಸ್ಲಿಲ್ಲ ಅಕ್ಕ. ಆದ್ರೂ ಹೀಗಾಯ್ತು” ಎಂದು ಅವನು ಅಕ್ಕನ ಹತ್ತಿರ ಹೇಳಿದ್ದ. ಮಾತ್ರೆ ನುಂಗಿದರೂ ತನ್ನ ತಲೆ ನಿಲ್ಲುವುದಿಲ್ಲ ಎಂದು ಅವನು ತನ್ನ ಬಗ್ಗೆಯೇ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದ. ಅದು ಸುಳ್ಳು. ಆ ಸುಳ್ಳನ್ನು ಅವನ ತಲೆಯೊಳಗೆ ಇಟ್ಟವರು ಅವನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರು.

ಶೀಟುಗಳು ಸಿಕ್ಕ ಮೇಲೆ ಅಕ್ಕನಿಗೆ ಎದುರಾದದ್ದೇ ಈ ಪ್ರಕರಣದ ನಿಜವಾದ ಗಂಟು. ಡಾಕ್ಟರಿಗೆ ಹೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎಂಟು ಮಿಲಿಗ್ರಾಂ ನಿಂತಿರುವುದೇ ಆ ಸುಳ್ಳಿನ ಮೇಲೆ. ತಮ್ಮನಿಗೆ ಹೇಳುವುದೋ ಬೇಡವೋ? ಹೇಳಿದರೆ ಅಮ್ಮನ ಕೈಯಿಂದ ಊಟವನ್ನೂ ಬಿಟ್ಟಾನು. ಬಾವಿಯಲ್ಲಿ ವಿಷವಿದೆ ಎಂದವನಿಗೆ, ಅಂಗೈಯಲ್ಲಿ ಕೊಟ್ಟದ್ದು ನೀನು ಅಂದುಕೊಂಡದ್ದಲ್ಲ ಎಂದು ಹೇಳುವುದು ಹೇಗೆ? ಮನೆಯವರ ಮೇಲಿನ ಅನುಮಾನ ಕಾಯಿಲೆಯ ಲಕ್ಷಣವೆಂದು ಎಲ್ಲರೂ ಅವನಿಗೆ ಬುದ್ಧಿ ಹೇಳಿದ್ದರು. ಆ ಒಂದು ವಿಷಯದಲ್ಲಿ ಅವನು ಅನುಮಾನಪಟ್ಟಿದ್ದರೆ ಸರಿಯಾಗಿಯೇ ಇರುತ್ತಿತ್ತು.

ಹೇಳಬೇಕು ಎಂದೇ ನನ್ನ ತೀರ್ಪು. ಹೇಳುವ ಹೊತ್ತನ್ನು ಆರಿಸಬಹುದು. ಕಾಯಿಲೆಯ ಬಿಸಿ ಇಳಿಯುವವರೆಗೆ ಕಾಯಬಹುದು, ಡಾಕ್ಟರ ಎದುರಿನಲ್ಲಿ ಹೇಳಬಹುದು. ಹೇಳದೆ ಬಿಡುವಂತಿಲ್ಲ. ಮುಂದೆ ಔಷಧಿ ಏರಿಸುವಾಗ, ಇಳಿಸುವಾಗ, ಮದುವೆಯ ಮಾತು ಬಂದಾಗ ಅವನು ತನ್ನ ಮೈಯ ಹಿಂದಿನ ಅನುಭವವನ್ನೇ ನೆಚ್ಚಿಕೊಳ್ಳಬೇಕು. ಆ ಅನುಭವವೇ ಸುಳ್ಳಾದರೆ ಅವನ ಒಂದೊಂದು ನಿರ್ಧಾರವೂ ದಾರಿ ತಪ್ಪುತ್ತದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆ ಏನು, ಅದರ ಅಡ್ಡಪರಿಣಾಮ ಏನು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎನ್ನುತ್ತದೆ. ಕಾನೂನು ವೈದ್ಯರಿಗೆ ಹೊರಿಸಿದ ಹೊಣೆಯನ್ನು ಮನೆಯೂ ಹೊರಬೇಕೆಂದು ನಾನು ನಂಬುತ್ತೇನೆ.

ಡಾಕ್ಟರಿಗೂ ಒಂದು ಮಾತು. “ಸರಿಯಾಗಿ ಕೊಡ್ತಿದೀರಾ?” ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಧ್ಯ. ಇಲ್ಲ ಎಂದರೆ ಬೈಗುಳ ಕಾದಿದೆ ಎಂದು ಎದುರಿಗೆ ಕೂತವರಿಗೆ ಗೊತ್ತಿರುತ್ತದೆ. “ಈ ತಿಂಗಳು ಎಷ್ಟು ಮಾತ್ರೆ ಉಳೀತು ಅಮ್ಮ?” ಎಂದು ಕೇಳಿದ್ದರೆ ಉತ್ತರ ಬೇರೆ ಇರಬಹುದಿತ್ತು. ಉಳಿಯುವುದು ಸಹಜ, ಹೇಳಿದರೆ ತಪ್ಪಿಲ್ಲ ಎಂಬ ಅಭಯ ಆ ಪ್ರಶ್ನೆಯಲ್ಲೇ ಇದೆ. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಸಿಗದ ದೇಶದಲ್ಲಿ ಅವರ ಹೊತ್ತಿಗೆ ಎಷ್ಟು ಬೆಲೆಯೆಂದು ನನಗೆ ಗೊತ್ತಿದೆ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ವೈದ್ಯರ ಮುಂದೆ ಎಷ್ಟು ಉದ್ದದ ಸಾಲಿರುತ್ತದೆ ಎಂಬುದೂ ಗೊತ್ತಿದೆ. ಆದರೆ ಈ ಪ್ರಶ್ನೆಗೆ ಹಿಡಿಯುವುದು ಆ ಪ್ರಶ್ನೆಗೆ ಹಿಡಿದಷ್ಟೇ ಹೊತ್ತು. ಆಸ್ಪತ್ರೆಗೆ ಹೋಗಲಾಗದ ದಿನ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ. ಅಡಕತ್ತರಿ ಕೈಗೆತ್ತಿಕೊಳ್ಳುವ ಮೊದಲು ಆ ಕರೆಯನ್ನಾದರೂ ಮಾಡಬಹುದು.

ಮದುವೆಯ ವಿಷಯವನ್ನು ಬಿಡುವಂತಿಲ್ಲ, ಮಾತ್ರೆ ತುಂಡಾದದ್ದೇ ಅದಕ್ಕಾಗಿ. ಕಾಯಿಲೆ ಮುಚ್ಚಿಟ್ಟು ಮಾಡುವ ಮದುವೆ ಕಾನೂನಿನಲ್ಲೂ ಗಟ್ಟಿಯಲ್ಲ. ಮುಖ್ಯ ಸಂಗತಿ ಮರೆಸಿ ಒಪ್ಪಿಗೆ ಪಡೆದಿದ್ದರೆ ಆ ಮದುವೆಯ ರದ್ದತಿ ಕೋರಲು ಹಿಂದೂ ವಿವಾಹ ಕಾಯ್ದೆಯಲ್ಲಿ ಅವಕಾಶವಿದೆ. ಅದಕ್ಕಿಂತ ಹೆಚ್ಚಾಗಿ, ಬರುವ ಹುಡುಗಿಯೂ ಯಾರದೋ ಮಗಳು. ಅವಳಿಗೆ ತಿಳಿಯಬೇಕಾದದ್ದನ್ನು ತಿಳಿಸದೆ ಮನೆಗೆ ತರುವುದು ಅವಳ ಬದುಕಿನಿಂದ ಕದ್ದಂತೆ. ಮಾತ್ರೆ ತೆಗೆದುಕೊಂಡು ದುಡಿಯುವ ಹುಡುಗನಿಗೆ ಹೆಣ್ಣು ಕೊಡದ ಊರು, ಮಾತ್ರೆ ಬಚ್ಚಿಟ್ಟವನಿಗೆ ಕೊಡುತ್ತದೆ. ಆ ತಾಯಿಯ ಕೈಗೆ ಅಡಕತ್ತರಿ ಕೊಟ್ಟವರಲ್ಲಿ ನಾವೆಲ್ಲ ಇದ್ದೇವೆ.

ಕೊನೆಗೆ ತಾಯಿಯೇ ಮಗನಿಗೆ ಹೇಳಿದರು. ಡಾಕ್ಟರ ಎದುರು, ಮಗಳನ್ನು ಪಕ್ಕದಲ್ಲಿಟ್ಟುಕೊಂಡು, ಎಲ್ಲಿಂದ ಎಲ್ಲಿಯವರೆಗೆ ಎಷ್ಟೆಷ್ಟು ಕತ್ತರಿಸಿದ್ದೆಂದು ಒಂದೂ ಬಿಡದೆ. ಮಗ ಬಹಳ ದಿನ ಅವರೊಡನೆ ಮಾತು ಬಿಟ್ಟ. ಆಮೇಲೆ ಮಾತ್ರೆ ಶೀಟು ಇನ್ನು ಮೇಲೆ ತನ್ನ ಹತ್ತಿರ ಇರಬೇಕು ಎಂದ. ಡಾಕ್ಟರು ಎಂಟರಿಂದ ಆರಕ್ಕೆ, ನಾಲ್ಕಕ್ಕೆ, ಮೂರಕ್ಕೆ ತಂದರು, ಅವಸರವಿಲ್ಲದೆ, ಒಂದು ವರ್ಷಕ್ಕೂ ಮೇಲೆ. ನಡುಕ ಹೋಯಿತು. ಎರಡು ರಾತ್ರಿ ಸತತ ನಿದ್ದೆ ಬಾರದಿದ್ದರೆ, ಬಾವಿ ನೀರಿನ ಮೇಲೆ ಅನುಮಾನ ಬಂದರೆ ಹಿಂದಿನ ಪ್ರಮಾಣಕ್ಕೆ ಹೋಗಿ ಫೋನ್ ಮಾಡಬೇಕೆಂದು ಬರೆದ ಹಾಳೆಯಲ್ಲಿ ಮೂವರ ಸಹಿ ಇದೆ. ಸೊಸೈಟಿಯ ಕೆಲಸ ಬೇರೆಯವರಿಗೆ ಹೋಯಿತು. ಪೇಟೆಯ ಅಡಿಕೆ ಮಂಡಿಯಲ್ಲಿ ತೂಕ ಬರೆಯುತ್ತಾನೆ. ಒಮ್ಮೆ ಕೂತು ಮುಗಿಸುತ್ತಿದ್ದ ಲೆಕ್ಕಕ್ಕೆ ಈಗ ಮೂರು ಸಲ ಕೂರಬೇಕಾಗುತ್ತದೆ. ಅದು ಇನ್ನು ಎಷ್ಟು ಮರಳೀತೆಂದು ಡಾಕ್ಟರು ಮಾತು ಕೊಡಲಿಲ್ಲ.

ಕಳೆದ ಸಲ ಹೋದಾಗ ಇನ್ನೂ ಸ್ವಲ್ಪ ಇಳಿಸಿ ನೋಡೋಣವೇ ಎಂದು ಡಾಕ್ಟರೇ ಕೇಳಿದರು. ಅವನು ಬೇಡವೆಂದ. “ಈ ಸಲದ ಕೊಯ್ಲು ಮುಗೀಲಿ ಡಾಕ್ಟ್ರೆ. ಸುಲಿಯೋ ಕಾಲದಲ್ಲಿ ಹೇಗೂ ನಿದ್ದೆ ಕೆಡುತ್ತೆ. ಮಾತ್ರೆ ಇಳಿಸಿದ್ದಕ್ಕೆ ಕೆಟ್ಟಿದ್ದಾ, ಕೆಲಸಕ್ಕೆ ಕೆಟ್ಟಿದ್ದಾ ಅಂತ ಗೊತ್ತಾಗಲ್ಲ.”